ತುಂಡಾಗದ ಗೆರೆ

ಪರೀಕ್ಷೆಯ ಕೋಣೆಗೆ ಬೆಳಿಗ್ಗೆ ಮೊದಲು ಬಂದವರು ಬಕೆಟ್ಟಿಗೆ ನೀರು ತುಂಬಬೇಕು. ಅದು ಅಲ್ಲಿಯ ನಿಯಮ. ಆ ಕಂಪನಿ ತಯಾರಿಸುತ್ತಿದ್ದುದು ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಹಿಡಿಯುವ ಯಂತ್ರ. ಅದನ್ನು ದಿನಾ ಪರೀಕ್ಷಿಸಲು ಬಸುರಿಯರನ್ನು ಎಲ್ಲಿಂದ ಹಿಡಿದು ತರುವುದು? ಅದಕ್ಕೇ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು, ಅದರ ತಳದಲ್ಲಿ ಟಕಟಕ ಬಡಿಯುವ ಪುಟ್ಟದೊಂದು ರಬ್ಬರು ತುಂಡು, ಅದರ ಮೇಲೆ ನೀರು. ಬಡಿತ ಕೇಳಿಸಿಕೊಳ್ಳಲು ಯಂತ್ರದ ತಂತಿಯ ತುದಿಗಿರುವ ಬಿಲ್ಲೆಯನ್ನು ನೀರಿಗೆ ತಾಗಿಸಿ ಹಿಡಿದರೆ ಪಕ್ಕದ ಪರದೆಯಲ್ಲಿ ಗೆರೆ ಓಡುತ್ತಿತ್ತು. ಆ ಬಕೆಟ್ಟಿಗೆ ಕೋಣೆಯವರು ದೊಡ್ಡಮ್ಮ ಎಂದು ಹೆಸರಿಟ್ಟಿದ್ದರು. "ದೊಡ್ಡಮ್ಮನಿಗೆ ನೀರು ಕೊಟ್ರಾ?" ಎನ್ನುವುದೇ ಅಲ್ಲಿ ಬೆಳಗಿನ ನಮಸ್ಕಾರ.

ದೊಡ್ಡಮ್ಮ ಬಹಳ ಒಳ್ಳೆಯ ಬಸುರಿ. ನೋವೆಂದು ಮಗ್ಗುಲು ಬದಲಿಸಿದವಳಲ್ಲ, ಕೆಮ್ಮಿದವಳಲ್ಲ, ಅವಳ ಮಗು ಒಮ್ಮೆಯೂ ಒದ್ದದ್ದಿಲ್ಲ. ಆಸ್ಪತ್ರೆಯ ಬಸುರಿಯರು ಅಷ್ಟು ಒಳ್ಳೆಯವರಲ್ಲ. ಅವರು ಹೊರಳುತ್ತಾರೆ, ಏಳುತ್ತಾರೆ, ಮಗು ಒಳಗೆ ಜಾರುತ್ತದೆ, ಬಿಲ್ಲೆ ಒಂದು ಕಡೆ, ಎದೆ ಇನ್ನೊಂದು ಕಡೆ ಆಗುತ್ತದೆ. ಆಗ ಯಂತ್ರಕ್ಕೆ ಬಡಿತ ಕೇಳಿಸುವುದಿಲ್ಲ. ಗೆರೆ ಅಲ್ಲಿಗೆ ತುಂಡಾಗುತ್ತದೆ, ಯಂತ್ರ ಕೂಗಿಕೊಳ್ಳುತ್ತದೆ.

ಆ ಗೆರೆ ತುಂಡಾಗದ ಹಾಗೆ ಮಾಡಿದವಳು ಗೆರೆಯಕ್ಕ. ಯಂತ್ರದೊಳಗಿನ ಲೆಕ್ಕವನ್ನೆಲ್ಲ ಬರೆದ ಎಂಜಿನಿಯರ್ ಅವಳು. ಆ ಕೆಲಸಕ್ಕಾಗಿಯೇ ಕೋಣೆಯ ಹುಡುಗರು ಅವಳಿಗೆ ಈ ಹೆಸರು ಕೊಟ್ಟಿದ್ದರು, ಅವಳೂ ನಗುತ್ತ ಒಪ್ಪಿಕೊಂಡಿದ್ದಳು. ಆದರೆ ಅದು ಅವಳಿಗೆ ಹೊಳೆದ ಉಪಾಯವೇನಲ್ಲ. ಮಾರಾಟ ನೋಡಿಕೊಳ್ಳುವ ಪಾಲುದಾರ ಹೇಳಿ ಮಾಡಿಸಿದ್ದು. ಅವನ ಬೆನ್ನ ಹಿಂದೆ ಎಲ್ಲರೂ ಅವನನ್ನು ಬೆಣ್ಣೆ ಎನ್ನುತ್ತಿದ್ದರು. ಅವನ ಮಾತು ಯಾರ ಗಂಟಲಲ್ಲಾದರೂ ಇಳಿಯುತ್ತಿತ್ತು.

"ಡಾಕ್ಟರ್‌ಗಳು ಏನಂತಾರೆ ಗೊತ್ತಾ ಮೇಡಂ? ನಿಮ್ಮ ಮಿಷನ್ನು ಬಿಕ್ಕಳಿಸುತ್ತೆ ಅಂತಾರೆ. ಆ ಇನ್ನೊಂದು ಕಂಪನಿದು ನೋಡಿ, ನೂಲು ಎಳೆದ ಹಾಗೆ ಹೋಗುತ್ತೆ."

"ಮಗು ಹೊರಳಿದ್ರೆ ಯಾವ ಮಿಷನ್ನಿಗಾದ್ರೂ ಬಡಿತ ತಪ್ಪುತ್ತೆ ಸರ್. ಅವರು ಮುಚ್ಚಿಡ್ತಾರೆ, ಅಷ್ಟೇ."

"ಸರಿ, ಒಂದು ಮಾತು ಹೇಳಿ. ವಾರ್ಡಿಗೆಲ್ಲ ಸೇರಿ ಒಬ್ಬಳು ನರ್ಸು. ಗೆರೆ ತುಂಡಾದಾಗೆಲ್ಲ ಕಿರುಚೋ ಮಿಷನ್ನನ್ನ ಅವಳು ಏನು ಮಾಡ್ತಾಳೆ? ಪ್ಲಗ್ ಕಿತ್ತು ಮೂಲೆಗೆ ತಳ್ತಾಳೆ. ಮೂಲೇಲಿರೋ ನಿಮ್ಮ ಸತ್ಯವಂತ ಮಿಷನ್ನು ಯಾವ ಮಗೂನ ಕಾಯುತ್ತೆ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ತೊಂದರೆಯಾದದ್ದು. ಬೆಣ್ಣೆ ಬರೀ ಸುಳ್ಳುಗಾರನಾಗಿದ್ದರೆ ಗೆರೆಯಕ್ಕ ಅವನನ್ನು ಬಾಗಿಲಾಚೆಯೇ ನಿಲ್ಲಿಸುತ್ತಿದ್ದಳು. ಅರ್ಧ ದಿನ ಜಗಳವಾಡಿ ಕೊನೆಗೆ ಅವಳು ಒಂದು ಲೆಕ್ಕ ಬರೆದಳು. ಬಡಿತ ತಪ್ಪಿದರೆ ಯಂತ್ರ ಅಲ್ಲಿಯವರೆಗಿನ ಓಟ ನೋಡಿ, ಅದೇ ಧಾಟಿಯಲ್ಲಿ ಒಂದೆರಡು ಕ್ಷಣ ತಾನೇ ಗೆರೆ ಎಳೆಯಬೇಕು. ಆದರೆ ತಾನು ಎಳೆದ ಭಾಗವನ್ನು ಚುಕ್ಕಿ ಚುಕ್ಕಿಯಾಗಿ ತೋರಿಸಬೇಕು, ನೋಡಿದವರಿಗೆ ಇದು ಕೇಳಿಸಿದ್ದಲ್ಲ, ತುಂಬಿದ್ದು ಎಂದು ತಿಳಿಯಲಿ ಎಂದು.

ಕೆಲವು ತಿಂಗಳಾದ ಮೇಲೆ ಬೆಣ್ಣೆ ಮತ್ತೆ ಬಂದ. ಚುಕ್ಕಿ ನೋಡಿ ನರ್ಸುಗಳು ಇದೇನು, ಅದೇನು ಎಂದು ಕೇಳುತ್ತಾರಂತೆ, ಚುಕ್ಕಿ ಬೇಡವಂತೆ. ಅವತ್ತು ಜಗಳ ಅರ್ಧ ಗಂಟೆ ನಡೆಯಿತು. ಅದಾದ ಮೇಲೆ ಇನ್ನೊಮ್ಮೆ ಬಂದು, ತುಂಬುವ ಹೊತ್ತನ್ನು ಸ್ವಲ್ಪ ಎಳೆಯಿರಿ ಎಂದ. ಅವತ್ತು ಗೆರೆಯಕ್ಕ "ಆಯ್ತು ಸರ್" ಎಂದು ಕೂತ ಜಾಗದಲ್ಲೇ ಎಳೆದುಕೊಟ್ಟಳು. ಯಂತ್ರ ಹೂವಿನ ಹಾಗೆ ಮಾರಾಟವಾಯಿತು. ಅವಳ ತಂಗಿ ಬಸುರಿಯಾದಾಗ, ಅಕ್ಕನ ಮಿಷನ್ನು ಇರುವ ಆಸ್ಪತ್ರೆಯನ್ನೇ ಹುಡುಕಿ ಹೆಸರು ಬರೆಸಿದಳು.

ಹೀಗಿರುವಾಗ ಬೇರೊಂದು ಆಸ್ಪತ್ರೆಯಿಂದ ಒಂದು ಯಂತ್ರ ವಾಪಸು ಬಂತು. ಹೆರಿಗೆ ನೋವಿನಲ್ಲಿದ್ದ ಹೆಂಗಸೊಬ್ಬಳ ಮಗು ಹುಟ್ಟುವ ಮೊದಲೇ ಸತ್ತಿತ್ತು, ಗೆರೆ ಮಾತ್ರ ಕೊನೆಯವರೆಗೂ ಚೆನ್ನಾಗಿಯೇ ಓಡಿತ್ತು. ಸ್ವಲ್ಪ ನೋಡಿ ಹೇಳಿ ಎಂದು ಆಸ್ಪತ್ರೆಯವರು ಕೇಳಿದ್ದರು.

ಗೆರೆಯಕ್ಕ ಯಂತ್ರವನ್ನು ಬಿಚ್ಚಿ ಅದರ ನೆನಪನ್ನು ಹೊರಗೆ ತೆಗೆದಳು. ಯಂತ್ರ ಹೊರಗೆ ಬರೆದದ್ದೂ ಅದರಲ್ಲಿ ಉಳಿದಿರುತ್ತದೆ, ಒಳಗೆ ನಿಜವಾಗಿ ಕೇಳಿಸಿಕೊಂಡ ಸದ್ದೂ ಉಳಿದಿರುತ್ತದೆ. ಎರಡನ್ನೂ ಪರದೆಯಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿದಳು. ಮೇಲಿನ ಗೆರೆ ಅಂದವಾಗಿತ್ತು. ಕೆಳಗೆ ಮಗುವಿನ ಬಡಿತ ಸಣ್ಣಗಾಗುತ್ತ, ತಪ್ಪುತ್ತ, ಮತ್ತೆ ಸಿಗುತ್ತ, ಇನ್ನಷ್ಟು ನಿಧಾನವಾಗುತ್ತ ಹೋಗಿ ಒಂದು ಕಡೆ ನಿಂತೇ ಹೋಗಿತ್ತು. ಅಲ್ಲಿಂದಾಚೆಗೆ ಮೌನ, ನಡುನಡುವೆ ಯಾವಾಗಲೋ ಒಂದೊಂದು ತಟ್ಟು. ತಾಯಿ ಕೆಮ್ಮಿದ್ದಿರಬೇಕು, ಮಗ್ಗುಲು ತಿರುಗಿದ್ದಿರಬೇಕು.

ಒಂದು ತಟ್ಟು ಸಿಕ್ಕರೂ ಬಡಿತ ಮರಳಿ ಬಂತೆಂದು ತಿಳಿದು, ಹಳೆಯ ಧಾಟಿಯಲ್ಲೇ ಗೆರೆ ಎಳೆಯುತ್ತ ತುಂಬುವ ಹೊತ್ತನ್ನು ಮೊದಲಿನಿಂದ ಎಣಿಸಬೇಕೆಂದು ಲೆಕ್ಕ ಬರೆದವಳು ಅವಳೇ. ದೊಡ್ಡಮ್ಮನ ಮೇಲೆ ನೂರಾರು ಸಲ ಪರೀಕ್ಷೆ ಮಾಡಿದ್ದಳು. ಒಮ್ಮೆಯೂ ತಪ್ಪು ಕಂಡಿರಲಿಲ್ಲ, ಯಾಕೆಂದರೆ ಬಕೆಟ್ಟು ಕೆಮ್ಮುವುದಿಲ್ಲ. ಆ ತಾಯಿ ಕೆಮ್ಮಿದಾಗೆಲ್ಲ ಯಂತ್ರಕ್ಕೆ ಇನ್ನಷ್ಟು ಹೊತ್ತು ಸುಳ್ಳು ಬರೆಯಲು ಅಪ್ಪಣೆ ಸಿಕ್ಕಿತ್ತು. ಬಡಿತ ತಪ್ಪತೊಡಗಿದಾಗಲೇ ಯಂತ್ರ ಕೂಗಿದ್ದರೆ ಡಾಕ್ಟರು ಓಡಿ ಬರುತ್ತಿದ್ದರು, ಮಗು ಬದುಕಬಹುದಿತ್ತು. ಕೂಗದಂತೆ ಅದರ ಬಾಯಿ ಕಟ್ಟಿದವಳು ತಾನು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಬೆಣ್ಣೆಯನ್ನು ಕರೆದು ತೋರಿಸಿದಳು. ಅವನು ಬಹಳ ಹೊತ್ತು ಪರದೆ ನೋಡಿ ಕುರ್ಚಿ ಎಳೆದುಕೊಂಡು ಕೂತ. ಅವನ ಮುಖವೂ ಬಿಳಿಚಿಕೊಂಡಿತ್ತು, ಅದನ್ನೂ ಹೇಳಬೇಕು.

"ಹೊಸ ಮಿಷನ್ನುಗಳಲ್ಲಿ ಇವತ್ತೇ ಸರಿ ಮಾಡಿಬಿಡಿ," ಎಂದ.

"ಮಾರಿರೋವು?"

"ಅವನ್ನ ವಾಪಸ್ ಕರೆದ್ರೆ ಕಂಪನಿ ಉಳಿಯುತ್ತಾ ಮೇಡಂ? ಹೊರಗೆ ಕೂತು ತಂತಿ ಬೆಸೆಯೋ ಹೆಂಗಸರಿದ್ದಾರಲ್ಲ, ಅವರನ್ನೆಲ್ಲ ನಾಳೆ ಮನೆಗೆ ಕಳಿಸೋದು ಯಾರು, ನೀವಾ ನಾನಾ? ಹೋದ ಮಗು ವಾಪಸ್ ಬರುತ್ತಾ?" ದನಿ ಇಳಿಸಿದ. "ಆ ಹೆಂಗಸು ನಾಳೆ ಇಲ್ಲಿಗೇ ಬರ್ತಾಳಂತೆ. ನೀವೇ ಮಾತಾಡಿ. ಹೆಚ್ಚೇನೂ ಬೇಡ. ಮಿಷನ್ನು ತನಗೆ ಕೇಳಿಸಿದ್ದನ್ನೇ ಬರೆಯುತ್ತೆ ಅಂತ ಒಂದು ಮಾತು ಹೇಳಿ ಕಳಿಸಿ."

ಗೆರೆಯಕ್ಕ ಬೇಡ ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂದು ಆಮೇಲೆ ಅವಳೇ ತನ್ನನ್ನು ಎಷ್ಟೋ ಸಲ ಕೇಳಿಕೊಂಡಳು. ತಂತಿ ಬೆಸೆಯುವ ಹೆಂಗಸರ ನೆನಪಾಯಿತು ಎಂದುಕೊಂಡರೆ ಮನಸ್ಸಿಗೆ ಹಿತವಾಗುತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆಯಾಗಿತ್ತು, ಅಷ್ಟೇ.

ಮರುದಿನ ಬಂದವಳು ಹೊಲಿಗೆಯವಳು. ಮನೆಯಲ್ಲೇ ಮಿಷನ್ನಿಟ್ಟುಕೊಂಡು ಬಟ್ಟೆ ಹೊಲಿದು ಕೊಡುವ ಹೆಂಗಸು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಜೊತೆಗೆ ಅವಳ ಅತ್ತೆ ಬಂದಿದ್ದರು. ಇಬ್ಬರೂ ಕುರ್ಚಿಯ ಅಂಚಿನಲ್ಲಿ ಕೂತರು, ಒಬ್ಬರಿಗೊಬ್ಬರು ತಾಗದ ಹಾಗೆ.

"ಮಗು ಅಲ್ಲಾಡ್ತಿಲ್ಲ ಅಂತ ನಾನು ಮೂರು ಸಲ ಹೇಳ್ದೆ ಮೇಡಂ," ಎಂದಳು ಹೊಲಿಗೆಯವಳು. ದನಿಯಲ್ಲಿ ದೂರು ಇರಲಿಲ್ಲ, ಅಳತೆ ಕೇಳುವವಳ ಹಾಗೆ ಮಾತಾಡುತ್ತಿದ್ದಳು. "ನರ್ಸಮ್ಮ ಗೆರೆ ತೋರ್ಸಿದ್ರು. ನೋಡು, ಎಷ್ಟು ಚೆನ್ನಾಗಿ ಓಡ್ತಿದೆ, ಮಿಷನ್ನಿಗಿಂತ ನಿಂಗೆ ಜಾಸ್ತಿ ಗೊತ್ತಾ, ಸುಮ್ನೆ ಮಲಕ್ಕೋ ಅಂದ್ರು. ನಾನೂ ಗೆರೆ ನೋಡ್ತಾನೇ ಮಲಗಿದ್ದೆ. ಅದು ಹಾಗೆ ಓಡ್ತಾ ಇದ್ದಾಗ ನನ್ನ ಮಗು ಇತ್ತಾ, ಇರ್ಲಿಲ್ವಾ? ಅಷ್ಟು ಹೇಳಿ, ಸಾಕು."

ಅತ್ತೆ ನಡುವೆ ಬಾಯಿ ಹಾಕಿದರು. "ಮಿಷನ್ನು ಸರಿ ಇತ್ತು ಅಂತ ಆಸ್ಪತ್ರೇಲಿ ಆಗ್ಲೇ ಹೇಳಿದ್ರು. ಇವಳು ಒಪ್ಪಲ್ಲ. ಒಂದೇ ಮಗ್ಗುಲಲ್ಲಿ ಬಿದ್ಕೋಬೇಡ್ವೇ ಅಂತ ಬಸುರಿಯಾದಾಗಿಂದ ಬಡ್ಕೊಂಡೆ. ಹಗಲೆಲ್ಲ ಆ ಹೊಲಿಗೆ ಮಿಷನ್ನು ತುಳಿಯೋದು ಬೇರೆ. ನನಗೂ ಮೊಮ್ಮಗುವಲ್ವಾ ಮೇಡಂ ಅದು? ಮಗು ಹೋದದ್ದು ಯಾವಾಗ ಅಂತ ತಾಯಿಗೇ ಗೊತ್ತಾಗ್ಲಿಲ್ಲ ಅಂದ್ರೆ, ನಾನು ಯಾರ ಹತ್ರ ಹೇಳ್ಲಿ?" ಹೇಳುತ್ತಲೇ ಅವರ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡರು.

ಗೆರೆಯಕ್ಕ ಬಾಗಿಲ ಕಡೆ ನೋಡಿದಳು. ಗಾಜಿನ ಬಾಗಿಲಾಚೆ ಬೆಣ್ಣೆ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತ ಓಡಾಡುತ್ತಿದ್ದ, ಕಣ್ಣು ಮಾತ್ರ ಈ ಕಡೆ ಇತ್ತು.

"ಮಿಷನ್ನು ತನಗೆ ಕೇಳಿಸಿದ್ದನ್ನೇ ಬರೆಯುತ್ತಮ್ಮ," ಎಂದಳು.

ಹೊಲಿಗೆಯವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಹಾಗಾದ್ರೆ ನನಗೇ ತಪ್ಪು ತಿಳೀತು," ಎಂದಳು. "ಅಲ್ಲಾಡ್ತಾ ಇತ್ತೇನೋ. ನನಗೇ ಗೊತ್ತಾಗ್ಲಿಲ್ಲ."

"ನಾನು ಹೇಳ್ಲಿಲ್ವಾ?" ಎಂದರು ಅತ್ತೆ. "ಏಳು."

ಹೋಗುವಾಗ ಹೊಲಿಗೆಯವಳು ಬಾಗಿಲಲ್ಲಿ ನಿಂತು, "ತುಂಬ ಉಪಕಾರವಾಯ್ತು ಮೇಡಂ, ನೀವಾದ್ರೂ ಕೂರಿಸಿ ಹೇಳಿದ್ರಿ," ಎಂದಳು. ಗೆರೆಯಕ್ಕ ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಮಾಡಿದಳು. ಮನುಷ್ಯರ ಹೊಟ್ಟೆಗೆ ನಾಚಿಕೆ ಬಹಳ ದಿನ ಇರುವುದಿಲ್ಲ. ಹೊಸ ಯಂತ್ರಗಳಲ್ಲಿ ಲೆಕ್ಕ ಸರಿ ಮಾಡಿದಳು, ಹಳೆಯವು ಇದ್ದಲ್ಲೇ ಇದ್ದವು, ಬೆಣ್ಣೆ ಆ ಮಾತೇ ಎತ್ತಲಿಲ್ಲ.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ತಂಗಿಗೆ ನೋವು ಶುರುವಾಯಿತು. ಗೆರೆಯಕ್ಕ ಆಸ್ಪತ್ರೆಗೆ ಬರುವಷ್ಟರಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆಗೆ ಪಟ್ಟಿ ಬಿಗಿದು ಬಿಲ್ಲೆ ಕೂರಿಸಿದ್ದರು. ಪಕ್ಕದ ಮಂಚದಲ್ಲಿ ಇನ್ನೊಬ್ಬಳು ಬಸುರಿ, ಅವಳಿಗೂ ಅಂಥದೇ ಯಂತ್ರ. ಇಬ್ಬರ ಗೆರೆಯೂ ನೂಲು ಎಳೆದ ಹಾಗೆ ಓಡುತ್ತಿತ್ತು.

"ಬಾ ಬಾ, ನಿನ್ನ ಬಗ್ಗೆಯೇ ಹೇಳ್ತಿದ್ದೆ," ಎಂದಳು ತಂಗಿ. ನೋವಿನ ನಡುವೆಯೂ ಅವಳ ಬಾಯಿಗೆ ಬಿಡುವಿರಲಿಲ್ಲ. ಪಕ್ಕದವಳಿಗೆ ಗೆರೆಯಕ್ಕನನ್ನು ತೋರಿಸಿ, "ಇವಳೇ ನೋಡಿ ನಮ್ಮಕ್ಕ. ಇದನ್ನ ಮಾಡಿದವಳು. ಮನೇಲಿ ಒಂದು ಟೀ ಮಾಡಕ್ಕೆ ಬರಲ್ಲ, ಇಂಥದ್ದೆಲ್ಲ ಮಾಡ್ತಾಳೆ," ಎಂದಳು. ಪಕ್ಕದವಳು ಸುಸ್ತಾದ ಮುಖದಲ್ಲೇ ನಕ್ಕು, ದೊಡ್ಡವರನ್ನು ಕಂಡ ಹಾಗೆ ಕೈ ಮುಗಿದಳು.

ಗೆರೆಯಕ್ಕ ನೋಡುತ್ತಿದ್ದುದು ಯಂತ್ರದ ಬೆನ್ನಿಗೆ ಅಂಟಿಸಿದ ಸಂಖ್ಯೆಯನ್ನು. ಹಳೆಯದು. ನರ್ಸು ಔಷಧಿ ತರಲು ಹೊರಗೆ ಹೋದದ್ದೇ ತಡ, ಅವಳ ಕೈ ತಾನಾಗಿ ಯಂತ್ರದ ಹಿಂದಕ್ಕೆ ಹೋಯಿತು. ರಿಪೇರಿಯವರಿಗೆ ಮಾತ್ರ ಗೊತ್ತಿರುವ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ತುಂಬುವ ಲೆಕ್ಕವನ್ನು ನಿಲ್ಲಿಸಿದಳು. ಯೋಚನೆ ಮಾಡಿ ಮಾಡಿದ್ದಲ್ಲ. ರಸ್ತೆ ದಾಟುವಾಗ ಮಗುವಿನ ಕೈ ಹಿಡಿಯುತ್ತೇವಲ್ಲ, ಹಾಗೆ.

ತಂಗಿಯ ಗೆರೆ ತುಂಡು ತುಂಡಾಯಿತು. ಯಂತ್ರ ಕೂಗಿತು. ಗೆರೆಯಕ್ಕ ಬಿಲ್ಲೆಯನ್ನು ಬೆರಳಗಲ ಸರಿಸಿ, ಒತ್ತಿ, ಬಡಿತ ಹುಡುಕಿಕೊಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು.

ಕೂಗು ಕೇಳಿ ನರ್ಸು ಬಂದರು, ತಲೆ ಅರ್ಧ ನೆರೆತ ಹೆಂಗಸು. "ಇದೇನಾಯ್ತು ಇದಕ್ಕೆ? ಈಗ ಸರಿ ಇತ್ತಲ್ಲ?"

"ಒಂಚೂರು ಟೆಸ್ಟ್ ಮಾಡ್ತಿದೀನಿ ಸಿಸ್ಟರ್. ಇದನ್ನ ನಾನೇ ನೋಡ್ಕೊಳ್ತೀನಿ. ನೀವು ತಲೆ ಕೆಡಿಸ್ಕೋಬೇಡಿ."

"ನೀವು ಮಾಡಿದ್ದು, ನಿಮಗೇ ಗೊತ್ತು," ಎಂದು ನರ್ಸು ಪಕ್ಕದ ಮಂಚಕ್ಕೆ ಹೋದರು. ಅಲ್ಲಿಯ ಗೆರೆ ನೋಡಿ, "ನಿಂದು ಫಸ್ಟ್ ಕ್ಲಾಸಾಗಿದೆಯಮ್ಮ," ಎಂದು ಆ ಹುಡುಗಿಯ ಕೆನ್ನೆ ತಟ್ಟಿ ಹೊರಟರು.

ತಂಗಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ನೋವು ಬಂದು ಹೋದ ಮೇಲೆ ಅಕ್ಕನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದಳು. "ನಂದು ಯಾಕೆ ಕೂಗುತ್ತೆ? ಅವಳದ್ದು ಯಾಕೆ ಕೂಗಲ್ಲ?"

"ನಿಂಗೇನೂ ಆಗಿಲ್ಲ. ಮಗು ಚೆನ್ನಾಗಿದೆ."

"ನಾನು ಕೇಳಿದ್ದು ಅದಲ್ಲ. ನನ್ನ ಮಿಷನ್ನಿನ ಹಿಂದೆ ಏನೋ ಒತ್ತಿದ್ಯಲ್ಲ. ಏನು ಒತ್ತಿದ್ದು?"

ಗೆರೆಯಕ್ಕ ತಂಗಿಯ ಹಣೆಯ ಬೆವರೊರೆಸಲು ಹೋದಳು. ತಂಗಿ ಮುಖ ತಿರುಗಿಸಿಕೊಂಡಳು.

"ನಿಂದು ಈಗ ಕೇಳಿಸಿದ್ದನ್ನ ಮಾತ್ರ ತೋರಿಸುತ್ತೆ," ಎಂದಳು ಗೆರೆಯಕ್ಕ, ಬಹಳ ಮೆಲ್ಲಗೆ.

"ಅವಳದ್ದು?"

ಗೆರೆಯಕ್ಕ ಇನ್ನೊಂದು ಕೈಯಿಂದ ಪಟ್ಟಿ ಸರಿ ಮಾಡತೊಡಗಿದಳು. ತಂಗಿ ದಡ್ಡಿಯಲ್ಲ. ಪಕ್ಕದ ಮಂಚದ ಕಡೆ ನೋಡಿದಳು, ಅಕ್ಕನ ಮುಖ ನೋಡಿದಳು. ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟುಬಿಟ್ಟಳು.

"ಹೋಗು. ಅವಳದ್ದೂ ಮಾಡು."

"ಮಾಡಿದ್ರೆ ಯಾಕೆ ಅಂತ ಕೇಳ್ತಾರೆ ಕಣೇ. ಎಲ್ಲಾ ಹೇಳ್ಬೇಕಾಗುತ್ತೆ. ನನ್ನ ಕೆಲಸ..."

"ಕೇಳ್ಲಿ," ಎಂದಳು ತಂಗಿ. ಮತ್ತೊಂದು ನೋವು ಬರುತ್ತಿತ್ತು, ಹಲ್ಲು ಕಚ್ಚಿಕೊಂಡೇ ಮಾತಾಡಿದಳು. "ಅವಳು ನಿಂಗೆ ಕೈ ಮುಗಿದ್ಲು ಅಕ್ಕ. ನನ್ನ ಮಾತು ಕೇಳಿ ಮುಗಿದದ್ದು ಅವಳು."

ಪಕ್ಕದ ಮಂಚಕ್ಕೆ ನಾಲ್ಕೇ ಹೆಜ್ಜೆ. ಗೆರೆಯಕ್ಕ ಹೋಗಿ ಆ ಯಂತ್ರದ ಹಿಂದೆ ಕೈ ಹಾಕಿದಳು. ಆ ಗೆರೆಯೂ ತುಂಡಾಯಿತು, ಆ ಯಂತ್ರವೂ ಕೂಗಿತು. ಹುಡುಗಿ ಗಾಬರಿಯಾಗಿ ಎದ್ದು ಕೂರಲು ನೋಡಿದಳು. ಓಡಿ ಬಂದ ನರ್ಸು ಬಿಲ್ಲೆ ಸರಿಸಿ, ಒತ್ತಿ, ಇನ್ನೊಂದು ಕಡೆ ಇಟ್ಟು, ಕೊನೆಗೆ ಹೊಟ್ಟೆಯ ಕೆಳಮೂಲೆಯಲ್ಲಿ ಬಡಿತ ಹಿಡಿದರು. ಮಗು ಚೆನ್ನಾಗಿತ್ತು. ಆದರೆ ಬಿಲ್ಲೆ ಮೊದಲಿದ್ದ ಜಾಗದಲ್ಲಿ ಏನೂ ಕೇಳಿಸುತ್ತಿರಲಿಲ್ಲ, ಎಷ್ಟು ಹೊತ್ತಿನಿಂದ ಕೇಳಿಸುತ್ತಿರಲಿಲ್ಲವೋ ಯಾರಿಗೂ ಗೊತ್ತಿರಲಿಲ್ಲ.

"ಈಗ ಹೇಳಿ," ಎಂದರು ನರ್ಸು.

ಗೆರೆಯಕ್ಕ ಹೇಳಿದಳು. ಲೆಕ್ಕ, ಚುಕ್ಕಿ, ಕೆಮ್ಮು, ಹೊಲಿಗೆಯವಳಿಗೆ ಹೇಳಿದ ಸುಳ್ಳು, ಎಲ್ಲ. ನಿಂತುಕೊಂಡೇ ಹೇಳಿದಳು, ನರ್ಸು ಮಾತ್ರ ಕೇಳುತ್ತ ಕೇಳುತ್ತ ಮೂಲೆಯ ಸ್ಟೂಲಿನ ಮೇಲೆ ಕೂತುಬಿಟ್ಟರು.

"ನಿಮ್ಮ ಮೊದಮೊದಲ ಮಿಷನ್ನು ದಿನವಿಡೀ ಬಡ್ಕೊಳ್ತಿತ್ತು. ಇದರ ಬಾಯಿ ಮುಚ್ಚಿಸಿ ಅಂತ ಕಂಪನಿಯವರಿಗೆ ಹೇಳಿದವರಲ್ಲಿ ನಾನೂ ಒಬ್ಬಳು," ಎಂದರು. "ಒಬ್ಬಳೇ ಎಷ್ಟು ಕಡೆ ಓಡ್ಲಿ? ಅದು ನನ್ನ ತಪ್ಪು, ಒಪ್ಕೊಳ್ತೀನಿ. ಆದ್ರೆ ನಾನು ಕೇಳಿದ್ದು ಸುಮ್ಮನಿರೋ ಮಿಷನ್ನು. ನೀವು ಕೊಟ್ಟದ್ದು ಸುಳ್ಳು ಹೇಳೋ ಮಿಷನ್ನು. ಮಗು ಅಲ್ಲಾಡ್ತಿಲ್ಲ ಅಂದವರಿಗೆಲ್ಲ ನಾನು ಈ ಗೆರೆ ತೋರಿಸಿ ಗದರಿಸಿದೀನಿ. ಎಷ್ಟು ಜನಾನೋ. ಅವರ ಮುಖ ಎಲ್ಲ ಈಗ ಎಲ್ಲಿಂದ ನೆನಪು ಮಾಡ್ಕೊಳ್ಲಿ ನಾನು?"

ನರ್ಸು ಕಣ್ಣೊರೆಸಿಕೊಳ್ಳಲಿಲ್ಲ. ಎದ್ದು, ಆ ಎರಡು ಗುಂಡಿ ಯಾವುವು ಎಂದು ಕೇಳಿ ಕಲಿತುಕೊಂಡು, ಒಳಗಿನ ಕೋಣೆಯ ಯಂತ್ರಗಳ ಹತ್ತಿರ ಒಬ್ಬರೇ ನಡೆದು ಹೋದರು.

ಮಧ್ಯಾಹ್ನ ತಂಗಿಗೆ ಹೆಣ್ಣು ಮಗುವಾಯಿತು. ಗೆರೆಯಕ್ಕ ಎತ್ತಿಕೊಂಡಾಗ ಅದರ ಎದೆ ಅಂಗೈಯ ಕೆಳಗೆ ಪುಟಪುಟ ಬಡಿಯುತ್ತಿತ್ತು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು, ಆ ಸಂತೋಷ ಪಡಲೂ ಅವಳಿಗೆ ನಾಚಿಕೆಯಾಯಿತು. ತಂಗಿ "ಆ ಹೊಲಿಗೆ ಹೆಂಗಸಿನ ಮನೆ ಎಲ್ಲಿ ಅಂತ ಗೊತ್ತಾ ನಿಂಗೆ?" ಎಂದು ಮಾತ್ರ ಕೇಳಿದಳು.

ಮರುದಿನ ಆಫೀಸಿನಲ್ಲಿ ಗೆರೆಯಕ್ಕ ಮೊದಲು ಮಾಡಿದ ಕೆಲಸ, ಹಳೆಯ ಯಂತ್ರ ಇರುವ ಆಸ್ಪತ್ರೆಗಳಿಗೆಲ್ಲ ಒಂದೊಂದಾಗಿ ಫೋನು ಮಾಡಿ, ಆ ಲೆಕ್ಕ ನಿಲ್ಲಿಸುವುದು ಹೇಗೆ, ಯಾಕೆ ನಿಲ್ಲಿಸಬೇಕು ಎಂದು ಹೇಳಿದ್ದು. ಇನ್ನೂ ಅರ್ಧ ಮುಗಿದಿರಲಿಲ್ಲ, ಬೆಣ್ಣೆ ಬಾಗಿಲಲ್ಲಿ ನಿಂತಿದ್ದ. ಅವನ ಮಾತಿನ ನುಣುಪೆಲ್ಲ ಅವತ್ತು ಎಲ್ಲಿ ಹೋಗಿತ್ತೋ.

"ಆ ಲೆಕ್ಕ ಬರೆದ ಕೈ ನಿಮ್ಮದು ಮೇಡಂ. ನಾನು ಬಾಯಲ್ಲಿ ಹೇಳಿದ್ದಕ್ಕೆ ಎಲ್ಲೂ ಗುರುತಿಲ್ಲ. ನಾಳೆ ಕೋರ್ಟು ಕಚೇರಿ ಅಂತ ಬಂದ್ರೆ ನಿಲ್ಲೋರು ನೀವು."

"ಹೌದು."

"ಕೆಲಸ ಹೋಯ್ತು ಅಂದ್ಕೊಳ್ಳಿ. ಇನ್ನೆಲ್ಲೂ ಸಿಗಲ್ಲ ಅಂತಾನೂ ಅಂದ್ಕೊಳ್ಳಿ."

"ಅಂದ್ಕೊಂಡೇ ಬಂದೆ ಸರ್. ಇನ್ನೂ ಫೋನು ಮಾಡೋದಿದೆ, ಮಾಡೋಕೆ ಬಿಡಿ."

ಫೋನು ಮುಗಿಸಿ ಅವಳು ಹುಡುಕಿಕೊಂಡು ಹೋದ ಹೊಲಿಗೆಯವಳ ಮನೆ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಒಂದೇ ಉದ್ದನೆಯ ಕೋಣೆ. ಕಿಟಕಿಯ ಹತ್ತಿರ ಹೊಲಿಗೆ ಮಿಷನ್ನು, ಅದರ ಸುತ್ತ ಬಣ್ಣದ ತುಂಡುಬಟ್ಟೆ, ಗೋಡೆಯ ಮೊಳೆಗೆ ನೇತುಹಾಕಿದ ಯಾರದೋ ಅರ್ಧ ಹೊಲಿದ ಶರ್ಟು. ಅತ್ತೆ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು.

"ಆ ಮಿಷನ್ನಿನ ಮೇಡಮ್ಮು," ಎಂದು ಅತ್ತೆ ಮೊದಲು ಗುರುತು ಹಿಡಿದರು.

ಹೊಲಿಗೆಯವಳು ತುಳಿಯುವುದನ್ನು ನಿಲ್ಲಿಸಿದಳು. ಕೂರಿ ಎನ್ನಲಿಲ್ಲ, ಆಶ್ಚರ್ಯಕ್ಕೆ ಮರೆತಿರಬೇಕು. ಗೆರೆಯಕ್ಕ ದಾರಿಯಲ್ಲೆಲ್ಲ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅವತ್ತು ನಾನು ನಿಮಗೆ ಸುಳ್ಳು ಹೇಳ್ದೆ," ಎಂದಳು. "ನೀವು ಹೇಳಿದ್ದೇ ಸರಿ. ಮಗು ಅಲ್ಲಾಡೋದು ನಿಂತದ್ದು ನಿಮಗೆ ಸರಿಯಾಗೇ ಗೊತ್ತಾಗಿತ್ತು. ಗೆರೆ ಓಡ್ತಾ ಇದ್ದದ್ದು ಮಗುವಿನ ಬಡಿತದಿಂದ ಅಲ್ಲ. ಬಡಿತ ತಪ್ಪಿದಾಗ ಮಿಷನ್ನು ತಾನೇ ಎಳ್ಕೊಂಡ ಗೆರೆ ಅದು. ಹಾಗೆ ಎಳ್ಕೊಳ್ಳೋ ಹಾಗೆ ಮಾಡಿದವಳು ನಾನು. ನೀವು ಬರೋ ಮುಂಚೇನೇ ನನಗೆ ಗೊತ್ತಿತ್ತು."

ಅತ್ತೆಯ ಕೈಯಲ್ಲಿದ್ದ ಚಾಕು ತರಕಾರಿಯೊಳಗೇ ನಿಂತಿತ್ತು.

"ಇವರು ಹೇಗೆ ಮಲಗಿದ್ರು ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದಳು ಗೆರೆಯಕ್ಕ, ಈ ಸಲ ಅತ್ತೆಯ ಕಡೆ ತಿರುಗಿ. "ಹೊಲಿಗೆ ಮಿಷನ್ನು ತುಳಿದದ್ದಕ್ಕೂ ಸಂಬಂಧ ಇಲ್ಲಮ್ಮ. ಇವರು ಕೂಗಿ ಹೇಳಿದ್ರು. ನಮ್ಮ ಮಿಷನ್ನು ಇವರ ಮಾತನ್ನ ಸುಳ್ಳು ಮಾಡ್ತು."

ಅತ್ತೆ ಸೊಸೆಯ ಮುಖ ನೋಡಲು ತಲೆ ಎತ್ತಿದರು, ನೋಡಲಾಗದೆ ತಗ್ಗಿಸಿದರು.

ಹೊಲಿಗೆಯವಳು ಅಳುತ್ತಾಳೆ ಎಂದು ಗೆರೆಯಕ್ಕ ಅಂದುಕೊಂಡಿದ್ದಳು. ಬೈಯುತ್ತಾಳೆ, ಬಾಗಿಲು ತೋರಿಸುತ್ತಾಳೆ, ಎರಡು ಏಟೇ ಹಾಕಿದರೂ ಹಾಕಲಿ ಎಂದುಕೊಂಡೇ ಮಹಡಿ ಹತ್ತಿದ್ದಳು. ಅದು ಯಾವುದೂ ಆಗಲಿಲ್ಲ.

"ನಾನು ಹೊಟ್ಟೆ ಮೇಲೆ ಕೈ ಇಟ್ಕೊಂಡೇ ಇದ್ದೆ," ಎಂದಳು ಹೊಲಿಗೆಯವಳು. "ನನ್ನ ಕೈ ಒಂದು ಹೇಳ್ತಿತ್ತು, ಆ ಗೆರೆ ಒಂದು ಹೇಳ್ತಿತ್ತು. ನಾನು ಗೆರೆ ನಂಬಿದೆ. ಆಮೇಲೆ ನಿಮ್ಮ ಆಫೀಸಿಗೆ ಬಂದು ನಿಮ್ಮನ್ನ ನಂಬಿದೆ. ಅವತ್ತಿಂದ ಒಂದು ಬಟ್ಟೆ ಅಳತೆ ತೆಗೆದ್ರೂ ನನಗೆ ನನ್ನ ಕೈ ಮೇಲೆ ನಂಬಿಕೆ ಇಲ್ಲ. ಎರಡೆರಡು ಸಲ ತೆಗೀತೀನಿ."

"ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ."

"ಕೇಳಬೇಡಿ. ನನ್ನ ಹತ್ರ ಇಲ್ಲ." ಹೊಲಿಗೆಯವಳು ಎದ್ದು ಮಡಿಚಿಟ್ಟ ಬಟ್ಟೆಯ ರಾಶಿಯನ್ನು ಒಂದು ಕುರ್ಚಿಯಿಂದ ತೆಗೆದು ನೆಲಕ್ಕಿಟ್ಟು, ಕುರ್ಚಿಯನ್ನು ಗೆರೆಯಕ್ಕನ ಕಡೆ ತಳ್ಳಿದಳು. "ಕೂತ್ಕೊಳ್ಳಿ. ನಮ್ಮ ಮನೆಯವರು ಸಂಜೆ ಬರ್ತಾರೆ. ಅವರು ನನ್ನ ಜೊತೆ ಸರಿಯಾಗಿ ಮಾತಾಡಿ ಎಷ್ಟೋ ದಿನ ಆಯ್ತು. ಅವರ ಮುಂದೆ ಇದನ್ನೇ ಹೇಳಿ, ಇದೇ ಮಾತಲ್ಲಿ. ಆಮೇಲೆ ಕೆಳಗಿನ ಮನೆಯವರು ಇದ್ದಾರೆ. ನಮ್ಮ ನಾದಿನಿ ಇದ್ದಾಳೆ. ನನ್ನ ಅಮ್ಮನೂ ತಪ್ಪು ನಂದೇ ಅಂದ್ಕೊಂಡಿದ್ದಾಳೆ, ಅಲ್ಲಿಗೂ ಬರ್ಬೇಕು. ನಾನು ಹೇಳಿದ್ರೆ ಯಾರೂ ನಂಬಲ್ಲ. ನೀವು ಓದಿದವರು, ನೀವೇ ಹೇಳಿ."

ಗೆರೆಯಕ್ಕ ಕೂತಳು. ಅತ್ತೆ ಹೆಚ್ಚಿದ ತರಕಾರಿಯನ್ನು ಹಾಗೇ ಬಿಟ್ಟು, ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಹೊಲಿಗೆಯವಳು ಮತ್ತೆ ಮಿಷನ್ನಿನ ಮುಂದೆ ಕೂತು ತುಳಿಯತೊಡಗಿದಳು. ಯಾರೂ ಯಾರಿಗೂ ನೀರು ಕೊಡಲಿಲ್ಲ, ದೀಪ ಹಾಕಲಿಲ್ಲ. ಕಿಟಕಿಯ ಬೆಳಕು ಮಾಸುತ್ತ ಬಂತು.

ಸಂಜೆ ಮೆಟ್ಟಿಲ ಮೇಲೆ ಗಂಡಸಿನ ಹೆಜ್ಜೆ ಸದ್ದು ಕೇಳಿಸಿತು. ಹೊಲಿಗೆಯವಳು ಕೈಯಿಂದ ಚಕ್ರ ಹಿಡಿದು ನಿಲ್ಲಿಸಿ, ಹಲ್ಲಿನಿಂದ ದಾರ ಕತ್ತರಿಸಿದಳು.

"ಬಂದ್ರು," ಎಂದಳು. "ಎದ್ದು ನಿಂತ್ಕೊಂಡು ಹೇಳಿ."